ಲೆನ್ಸ್‌ಗೂ ಮೊದಲು ದೂರ

ಹೊಸದಾಗಿ ಕ್ಯಾಮೆರಾ ಕೊಂಡವರು ಆರು ತಿಂಗಳೊಳಗೆ ಕೇಳುವ ಪ್ರಶ್ನೆ ಒಂದೇ: ಮುಂದಿನ ಲೆನ್ಸ್ ಯಾವುದು ತಗೊಳ್ಳಲಿ? ಉತ್ತರ ಕೊಡುವವರಿಗೇನೂ ಬರವಿಲ್ಲ. ಬೆಟ್ಟಗುಡ್ಡಕ್ಕೆ ವೈಡ್ ಆ್ಯಂಗಲ್, ಹುಳುಹುಪ್ಪಟೆಗೆ ಮ್ಯಾಕ್ರೋ, ಮನೆಮಂದಿಗೆ ಫಿಫ್ಟಿ ಎಂಬ ಸಿದ್ಧ ಪಟ್ಟಿ ಅಂಗಡಿಯ ಕೌಂಟರಿನಿಂದ ಯೂಟ್ಯೂಬಿನವರೆಗೆ ಎಲ್ಲೆಡೆ ಸಿಗುತ್ತದೆ. ಪಟ್ಟಿ ಪೂರ್ತಿ ತಪ್ಪೆಂದೇನೂ ಅಲ್ಲ. ಆದರೆ ಅದು ಏನನ್ನು ತೆಗೆಯುತ್ತೀರಿ ಎಂದು ಮಾತ್ರ ಕೇಳುತ್ತದೆ, ಎಷ್ಟು ದೂರ ನಿಂತು ತೆಗೆಯುತ್ತೀರಿ ಎಂದು ಕೇಳುವುದಿಲ್ಲ. ಲೆನ್ಸ್ ಆಯ್ಕೆಯಲ್ಲಿ ಮೊದಲು ತೀರ್ಮಾನವಾಗಬೇಕಾದದ್ದು ಈ ದೂರ. ಎಂಎಂ ಲೆಕ್ಕ ಅದರ ಹಿಂದೆ ತಾನಾಗಿ ಬರುತ್ತದೆ. ಕಪಾಟು ಸೇರಿ ಕೂತಿರುವ ಎಷ್ಟೋ ದುಬಾರಿ ಲೆನ್ಸುಗಳನ್ನು ಕೊಳ್ಳುವಾಗ ಈ ಕ್ರಮ ತಲೆಕೆಳಗಾಗಿತ್ತು ಎಂದು ಧೈರ್ಯವಾಗಿ ಹೇಳಬಹುದು.

ದೂರಕ್ಕೆ ಇಷ್ಟು ಮಹತ್ವ ಏಕೆ? ಒಂದು ಚಿತ್ರದಲ್ಲಿ ಮುಂದಿನ ವಸ್ತು ಹಿಂದಿನದಕ್ಕಿಂತ ಎಷ್ಟು ದೊಡ್ಡದಾಗಿ ಕಾಣಬೇಕೆಂಬುದನ್ನು ನಿರ್ಧರಿಸುವುದು ಕ್ಯಾಮೆರಾ ಇರುವ ಜಾಗವೇ. ಸೆಲ್ಫಿ ಇದಕ್ಕೆ ಎಲ್ಲರ ಕೈಗೂ ಎಟಕುವ ಸಾಕ್ಷಿ. ಮೂಗಿನ ತುದಿಯಿಂದ ಕಿವಿಯವರೆಗೆ ಸುಮಾರು 12 ಸೆಂ.ಮೀ. ಆಳವಿದೆ ಎಂದುಕೊಳ್ಳಿ. ಫೋನನ್ನು 30 ಸೆಂ.ಮೀ. ದೂರದಲ್ಲಿ ಹಿಡಿದರೆ ಮೂಗು 30ರಲ್ಲಿ, ಕಿವಿ 42ರಲ್ಲಿ. ಅಂದರೆ ಕಿವಿಗೆ ಹೋಲಿಸಿದರೆ ಮೂಗು 1.4 ಪಟ್ಟು ದೊಡ್ಡದಾಗಿ ಮೂಡುತ್ತದೆ. ಅದೇ ಮುಖವನ್ನು ಒಂದೂವರೆ ಮೀಟರ್ ಆಚೆಯಿಂದ ತೆಗೆದರೆ ಲೆಕ್ಕ 150ಕ್ಕೆ 162, ವ್ಯತ್ಯಾಸ 1.08 ಪಟ್ಟು ಮಾತ್ರ. 2018ರಲ್ಲಿ ಅಮೆರಿಕದ ರಟ್ಗರ್ಸ್ ವಿಶ್ವವಿದ್ಯಾಲಯದ ವೈದ್ಯರೂ ಸೇರಿ ಪ್ರಕಟಿಸಿದ ಅಧ್ಯಯನವೊಂದು, ಹನ್ನೆರಡು ಇಂಚಿನ ಸೆಲ್ಫಿಯಲ್ಲಿ ಮೂಗು ಐದು ಅಡಿಯ ಚಿತ್ರಕ್ಕಿಂತ ಸುಮಾರು ಶೇ 30ರಷ್ಟು ಅಗಲವಾಗಿ ಕಾಣುತ್ತದೆ ಎಂದು ಲೆಕ್ಕ ಹಾಕಿ ತೋರಿಸಿತು. ಸೆಲ್ಫಿ ನೋಡಿಕೊಂಡು ಮೂಗಿನ ಶಸ್ತ್ರಚಿಕಿತ್ಸೆಗೆ ಬರುವವರಿಗೆ ತಿಳಿಹೇಳಲು ನಡೆದ ಅಧ್ಯಯನ ಅದು. ತಪ್ಪು ಮೂಗಿನದಲ್ಲ, ಲೆನ್ಸಿನದೂ ಅಲ್ಲ, ತೋಳಿನ ಉದ್ದದ್ದು.

ಟೆಲಿ ಲೆನ್ಸ್ ಹಿಂದಿನ ಬೆಟ್ಟವನ್ನು ಮುಂದಕ್ಕೆ ಎಳೆದು ತರುತ್ತದೆ, ವೈಡ್ ಅದನ್ನು ಹಿಂದಕ್ಕೆ ತಳ್ಳುತ್ತದೆ ಎಂಬ ಮಾತನ್ನು ಕ್ಯಾಮೆರಾ ಕ್ಲಬ್ಬುಗಳಲ್ಲಿ ಈಗಲೂ ಕೇಳುತ್ತೇವೆ. ಇದನ್ನು ಯಾರು ಬೇಕಾದರೂ ಪರೀಕ್ಷಿಸಬಹುದು. ಟ್ರೈಪಾಡ್ ಕದಲಿಸದೆ ಒಮ್ಮೆ 24 ಎಂಎಂನಲ್ಲಿ, ಇನ್ನೊಮ್ಮೆ 100 ಎಂಎಂನಲ್ಲಿ ತೆಗೆಯಿರಿ. ಮೊದಲ ಚಿತ್ರದ ನಡುಭಾಗವನ್ನು ಎರಡನೆಯದರ ಚೌಕಟ್ಟಿನಷ್ಟೇ ಕ್ರಾಪ್ ಮಾಡಿದರೆ ಮರ, ಮನೆ, ಬೆಟ್ಟಗಳ ನಡುವಿನ ಅಳತೆಯ ಸಂಬಂಧ ಎರಡರಲ್ಲೂ ಒಂದೇ ಆಗಿರುತ್ತದೆ. ಕಡಿಮೆಯಾಗುವುದು ಪಿಕ್ಸೆಲ್ ಮಾತ್ರ. ಫುಲ್ ಫ್ರೇಮ್ ಕ್ಯಾಮೆರಾದಲ್ಲಿ 24 ಎಂಎಂ ಲೆನ್ಸಿನ ನೋಟ ಮೂಲೆಯಿಂದ ಮೂಲೆಗೆ ಸುಮಾರು 84 ಡಿಗ್ರಿ, 100 ಎಂಎಂನದು ಸುಮಾರು 24. ಈ ಕೋನವನ್ನು ಹಿಗ್ಗಿಸುವುದು, ಕುಗ್ಗಿಸುವುದು, ಇಷ್ಟೇ ಲೆನ್ಸಿನ ಅಧಿಕಾರ. ಉಳಿದ ಬದಲಾವಣೆಯೆಲ್ಲ ಹೊಸ ಲೆನ್ಸ್ ಹಾಕಿದಮೇಲೆ ನಾವು ಮುಂದೆ ಹೋದದ್ದರಿಂದ ಅಥವಾ ಹಿಂದೆ ಸರಿದದ್ದರಿಂದ ಬಂದದ್ದು.

ಇದನ್ನು ಒಪ್ಪಿಕೊಂಡರೆ ವೈಡ್ ಆ್ಯಂಗಲ್ ಲೆನ್ಸಿನ ಬಗ್ಗೆ ಇರುವ ಮೊದಲ ನಂಬಿಕೆಯೇ ಅಲುಗಾಡುತ್ತದೆ. ದೊಡ್ಡ ದೃಶ್ಯಕ್ಕೆ ದೊಡ್ಡ ಕೋನ ಬೇಕು ಎಂದು ಮುಳ್ಳಯ್ಯನಗಿರಿಗೆ 16 ಎಂಎಂ ಹೊತ್ತವರು ಮನೆಗೆ ಬಂದು ನೋಡಿದರೆ ಚಿತ್ರದ ತುಂಬ ಹುಲ್ಲು ಮತ್ತು ಆಕಾಶ, ನಡುವೆ ಗೆರೆ ಎಳೆದಂತೆ ಬೆಟ್ಟ. ಕಾರಣ ಸರಳ ಗಣಿತ. 3 ಕಿ.ಮೀ. ಆಚೆ 300 ಮೀಟರ್ ಎತ್ತರಕ್ಕೆ ಎದ್ದ ಬೆಟ್ಟ 16 ಎಂಎಂ ಲೆನ್ಸಿನಲ್ಲಿ ಸೆನ್ಸರಿನ ಮೇಲೆ 1.6 ಮಿ.ಮೀ. ಎತ್ತರಕ್ಕೆ ಮೂಡುತ್ತದೆ, 24 ಮಿ.ಮೀ. ಚೌಕಟ್ಟಿನ ಹದಿನೈದನೇ ಒಂದು ಭಾಗ. 100 ಎಂಎಂನಲ್ಲಿ ಅದೇ ಬೆಟ್ಟ 10 ಮಿ.ಮೀ. ಮಂಜು ತುಂಬಿದ ಕಣಿವೆಯ ಆಚೆ ಒಂದರ ಹಿಂದೊಂದು ನಿಂತ ಗಿರಿಸಾಲು ಬೇಕಿದ್ದವರಿಗೆ 70-200 ಎಂಎಂ ಜೂಮ್ ಹೆಚ್ಚು ನಂಬಿಗಸ್ತ. ಹಾಗಾದರೆ ವೈಡ್ ಯಾತಕ್ಕೆ? ಹತ್ತಿರ ಹೋಗುವುದಕ್ಕೆ. ಹಂಪಿಯ ಬಂಡೆಯೊಂದಕ್ಕೆ ಅರ್ಧ ಮೀಟರ್ ಸಮೀಪ ಕೂತು, ಬಂಡೆಯ ಒರಟು ಮೈ ಮುಂದೆ, ಮಾತಂಗ ಬೆಟ್ಟ ಹಿಂದೆ ಬರುವಂತೆ ನೋಡಿದಾಗ ಈ ಲೆನ್ಸ್ ತನ್ನ ಕೆಲಸ ಮಾಡುತ್ತದೆ. ಅಲ್ಲಿಂದ ಇನ್ನರ್ಧ ಮೀಟರ್ ಹಿಂದೆ ಸರಿದರೆ ಬಂಡೆ ಅರ್ಧಕ್ಕೆ ಇಳಿಯುತ್ತದೆ, ಬೆಟ್ಟ ಇದ್ದಷ್ಟೇ ಇರುತ್ತದೆ. ಅರ್ಧ ಹೆಜ್ಜೆಗೆ ಇಡೀ ಚಿತ್ರ ಬದಲಾಗುವುದು ವೈಡ್ ಲೆನ್ಸಿನಲ್ಲಿ ಮಾತ್ರ. ಅದಕ್ಕಾಗಿಯೇ ಅದನ್ನು ಬಳಸಲು ಕಲಿಯುವುದು ಕಷ್ಟ.

ಇಲ್ಲೊಂದು ನ್ಯಾಯವಾದ ಆಕ್ಷೇಪಣೆ ಇದೆ. ಹಿಂದೆ ಸರಿಯಲು ಜಾಗವೇ ಇಲ್ಲದಿದ್ದರೆ? ವಿಜಯಪುರದ ಗೋಳಗುಮ್ಮಟದ ಒಳಗೆ ನಿಂತು ಆ ಮಹಾಗುಮ್ಮಟವನ್ನು ಹಿಡಿಯಬೇಕೆಂದರೆ ಗೋಡೆ ಒಡೆದು ಹೊರಹೋಗಲಾಗದು. ಶ್ರವಣಬೆಳಗೊಳದ ಸುಮಾರು 58 ಅಡಿಯ ಗೊಮ್ಮಟನ ಸುತ್ತ ಸುತ್ತಾಲಯವಿದೆ. ಅದರೊಳಗೆ ನಿಂತವರಿಗೆ ವೈಡ್ ಅನಿವಾರ್ಯ. ನಿಜ. ಆದರೆ ಅನಿವಾರ್ಯತೆಗೆ ಬೆಲೆ ಇದೆ. ಪಾದದಿಂದ 15 ಮೀಟರ್ ದೂರದಲ್ಲಿ ಕ್ಯಾಮೆರಾ ಇದ್ದರೆ ಮುಖ ಸುಮಾರು 22 ಮೀಟರ್ ದೂರವಾಗುತ್ತದೆ; ಪಾದ ದಪ್ಪಗೆ, ಮುಖ ಚಿಕ್ಕದಾಗಿ ಮೂಡುತ್ತದೆ. ಎದುರಿನ ಚಿಕ್ಕಬೆಟ್ಟದಿಂದ ಉದ್ದನೆಯ ಲೆನ್ಸಿನಲ್ಲಿ ತೆಗೆದರೆ ಕಾಣುವುದು ಮೇಲಿನ ಭಾಗವಷ್ಟೇ ಆದರೂ ಶಿಲ್ಪಿ ಇಟ್ಟ ಪ್ರಮಾಣ ಹಾಗೇ ಉಳಿಯುತ್ತದೆ. ಬೇಲೂರಿನಲ್ಲಿ ಪರಿಸ್ಥಿತಿ ಬೇರೆ. ಚೆನ್ನಕೇಶವ ದೇವಾಲಯದ 42 ಮದನಿಕೆಯರಲ್ಲಿ ಹೆಚ್ಚಿನವರು ಹೊರಗೋಡೆಯ ಮೇಲುಗಡೆ, ಸೂರಿನ ಕೆಳಗೆ ಇದ್ದಾರೆ. ಬುಡದಲ್ಲಿ ನಿಂತು ವೈಡ್ ಎತ್ತಿದರೆ ಸಿಗುವುದು ಗಲ್ಲ ಮತ್ತು ಮೂಗಿನ ಹೊಳ್ಳೆ. ಅಲ್ಲಿ ಪ್ರಾಂಗಣ ವಿಶಾಲವಾಗಿದೆ, ಹಿಂದೆ ಸರಿಯಬಹುದು. 100ರಿಂದ 200 ಎಂಎಂ ಲೆನ್ಸಿನಲ್ಲಿ ಮದನಿಕೆ ಬಹುಮಟ್ಟಿಗೆ ನೇರವಾಗಿ ಎದುರಾಗುತ್ತಾಳೆ. ಎರಡೂ ದೇವಸ್ಥಾನಗಳ ಚಿತ್ರಗಳೇ, ಎರಡೂ ಕಲ್ಲೇ. ಬೇಕಾದ ಲೆನ್ಸ್ ಮಾತ್ರ ಬೇರೆ. ವಸ್ತುವಿನ ಹೆಸರು ಹಿಡಿದು ಹೊರಟ ಪಟ್ಟಿ ಸೋಲುವುದು ಇಲ್ಲಿ.

ಮದುವೆಮನೆಯ ಸ್ಟೇಜಿನ ಮಾತೂ ಬಂದುಹೋಗಲಿ. ಇಡೀ ಬಳಗವನ್ನು ಒಂದೇ ಚಿತ್ರಕ್ಕೆ ತುಂಬಿಸಲು 16 ಎಂಎಂ ಹಾಕುವವರಿದ್ದಾರೆ. ನೇರ ಗೆರೆಯನ್ನು ನೇರವಾಗಿಯೇ ಉಳಿಸುವ ವೈಡ್ ಲೆನ್ಸುಗಳು ಅದಕ್ಕೆ ಬದಲಾಗಿ ಅಂಚಿನ ವಸ್ತುಗಳನ್ನು ಹಿಗ್ಗಿಸುತ್ತವೆ. 16 ಎಂಎಂನಲ್ಲಿ ಚೌಕಟ್ಟಿನ ತೀರಾ ಬದಿಗೆ ನಿಂತವರ ತಲೆ ಸುಮಾರು ಒಂದೂವರೆ ಪಟ್ಟು ಅಡ್ಡಡ್ಡ ಹಿಗ್ಗುತ್ತದೆ, 24ರಲ್ಲಿ ಕಾಲು ಭಾಗದಷ್ಟು, 35ರಲ್ಲಿ ಕಣ್ಣಿಗೆ ಬೀಳದಷ್ಟು. ಆಲ್ಬಂ ಬಂದಾಗ ಬದಿಯಲ್ಲಿ ನಿಂತಿದ್ದ ಚಿಕ್ಕಮ್ಮನಿಗೆ ಬೇಸರವಾದರೆ ಆಕೆಯ ತಪ್ಪೇನಿದೆ.

ಮ್ಯಾಕ್ರೋ ವಿಷಯಕ್ಕೆ ಬಂದರೆ ದೂರದ ಪ್ರಶ್ನೆ ಇನ್ನಷ್ಟು ಬಿಗಿಯಾಗುತ್ತದೆ, ಏಕೆಂದರೆ ಇಲ್ಲಿ ಎದುರಿಗಿರುವ ಜೀವಕ್ಕೂ ತನ್ನದೇ ಅಭಿಪ್ರಾಯವಿದೆ. ನಿಜವಾದ ಮ್ಯಾಕ್ರೋ ಲೆನ್ಸ್ ಎಂದರೆ 1:1, ಅಂದರೆ 10 ಮಿ.ಮೀ. ಇರುವೆ ಸೆನ್ಸರಿನ ಮೇಲೂ 10 ಮಿ.ಮೀ. ಆಗಿಯೇ ಮೂಡಬೇಕು. 36 ಮಿ.ಮೀ. ಅಗಲದ ಸೆನ್ಸರಿನಲ್ಲಿ ಮಲೆನಾಡಿನ ಚಗಳಿ ಇರುವೆಗೂ ಸುತ್ತ ಜಾಗ ಉಳಿಯುತ್ತದೆ. ಈಗ ಇನ್ನೊಂದು ತುದಿ ನೋಡಿ. ನಮ್ಮ ರಾಜ್ಯ ಚಿಟ್ಟೆಯಾದ ಸದರ್ನ್ ಬರ್ಡ್‌ವಿಂಗ್‌ನ ರೆಕ್ಕೆಯ ಹರವು 15 ಸೆಂ.ಮೀ. ಆಸುಪಾಸಿನದು. ಅದನ್ನು ಚೌಕಟ್ಟು ತುಂಬುವಂತೆ ತೆಗೆಯಲು ಬೇಕಾದದ್ದು 1:4 ಪ್ರಮಾಣ ಮಾತ್ರ, ಅದನ್ನು ಎಷ್ಟೋ ಸಾಮಾನ್ಯ 70-300 ಎಂಎಂ ಜೂಮುಗಳೇ ಕೊಡುತ್ತವೆ, ಅದೂ ಚಿಟ್ಟೆ ಹಾರಿಹೋಗದಷ್ಟು ದೂರದಿಂದ. ಚಿಟ್ಟೆಗಾಗಿ ಮ್ಯಾಕ್ರೋ ಕೊಂಡೆ ಎನ್ನುವವರಲ್ಲಿ ಅನೇಕರಿಗೆ ಅದರ ಅಗತ್ಯವೇ ಇರಲಿಲ್ಲ.

1:1ರವರೆಗೆ ಹೋಗಲೇಬೇಕಾದವರು ನೋಡಬೇಕಾದ ಅಂಕಿ ಲೆನ್ಸಿನ ಮುಂಭಾಗದಿಂದ ಕೀಟದವರೆಗೆ ಉಳಿಯುವ ಜಾಗ. ಪೆಟ್ಟಿಗೆಯ ಮೇಲೆ ಅಚ್ಚಾಗಿರುವ ಕನಿಷ್ಠ ಫೋಕಸ್ ದೂರ ಸೆನ್ಸರಿನಿಂದ ಅಳೆದದ್ದು. ಅದರಲ್ಲಿ ಕ್ಯಾಮೆರಾದ ದಪ್ಪವೂ ಲೆನ್ಸಿನ ಉದ್ದವೂ ಸೇರಿಕೊಂಡಿರುತ್ತವೆ. 100 ಎಂಎಂ ಮ್ಯಾಕ್ರೋದಲ್ಲಿ ಈ ದೂರ 30 ಸೆಂ.ಮೀ. ಎಂದಿದ್ದರೂ ಕೀಟಕ್ಕೂ ಗಾಜಿಗೂ ನಡುವೆ ಉಳಿಯುವುದು ಸುಮಾರು 13 ಸೆಂ.ಮೀ. 60 ಎಂಎಂನಲ್ಲಿ ಅದು ಐದರಿಂದ ಒಂಬತ್ತು ಸೆಂ.ಮೀ., 40 ಎಂಎಂನಲ್ಲಿ ಎರಡು ಬೆರಳಿನ ಅಗಲ, 180 ಎಂಎಂನಲ್ಲಿ ಗೇಣಿಗೂ ಹೆಚ್ಚು. ನಾಲ್ಕೂ 1:1 ಲೆನ್ಸುಗಳೇ, ಚಿತ್ರದಲ್ಲಿ ಇರುವೆಯ ಗಾತ್ರ ಒಂದೇ. ನಾಣ್ಯ, ಹೂವು, ಉಂಗುರ ತೆಗೆಯುವವರು 60ರಲ್ಲಿ ಸುಖವಾಗಿರಬಹುದು. ಏರೋಪ್ಲೇನ್ ಚಿಟ್ಟೆಗೆ, ಜೇಡಕ್ಕೆ 100 ಬೇಕು. ಮಳೆಗಾಲದ ಕಾಡಿನಲ್ಲಿ ಮಲಬಾರ್ ಪಿಟ್ ವೈಪರ್ ಎದುರಾದರೆ ಗೇಣುದ್ದವೂ ಸಾಲದು. ವಿಷದ ಹಾವಿನ ಮುಂದೆ ಮ್ಯಾಕ್ರೋ ಪ್ರಮಾಣದ ಆಸೆಯನ್ನೇ ಬಿಡಬೇಕು. ಕೆಲವು ಜೀವಿಗಳ ವಿಷಯದಲ್ಲಿ ದೂರ ಅವುಗಳ ಹಿತಕ್ಕೂ ಬೇಕು. ಉತ್ತರ ಕನ್ನಡದ ಕತ್ತಲೆಕಾನಿನಿಂದ 2014ರಲ್ಲಿ ವಿಜ್ಞಾನಕ್ಕೆ ಪರಿಚಯವಾದ ಕುಂಬಾರ ಕಪ್ಪೆಯ ಗಂಡು ತನ್ನ ಮೊಟ್ಟೆಗಳಿಗೆ ಕೆಸರು ಮೆತ್ತುತ್ತದೆ. ಅಂಥ ರಾತ್ರಿಗೆಲಸದ ನಡುವೆ ಗಾಜು ತೂರಿಸಿದರೆ ಚಿತ್ರವೂ ಕೆಡುತ್ತದೆ, ಕೆಲಸವೂ ಕೆಡುತ್ತದೆ.

ಹತ್ತಿರಕ್ಕೆ ಹೋದಷ್ಟೂ ಬೆಳಕು ಕಳೆದುಹೋಗುತ್ತದೆ ಎಂಬುದನ್ನು ಅಂಗಡಿಯವರು ಅಪರೂಪಕ್ಕೆ ಹೇಳುತ್ತಾರೆ. ಎಫ್ 2.8 ಎಂದು ಬರೆದಿರುವ ಲೆನ್ಸ್ 1:1ರಲ್ಲಿ ಹೆಚ್ಚುಕಡಿಮೆ ಎಫ್ 5.6ರಂತೆ ವರ್ತಿಸುತ್ತದೆ, ಸೆನ್ಸರಿಗೆ ತಲುಪುವುದು ಕಾಲು ಭಾಗ ಬೆಳಕು. ಅಷ್ಟು ಸಾಲದೆಂಬಂತೆ, ಎಫ್ 8ಕ್ಕೆ ಇಳಿಸಿದರೂ ಸ್ಪಷ್ಟವಾಗಿ ಕಾಣುವ ಆಳ ಸುಮಾರು ಒಂದು ಮಿ.ಮೀ. ಮಾತ್ರ. ಎಫ್ 16ಕ್ಕೆ ಹೋದರೆ ಎರಡು ಮಿ.ಮೀ. ಸಿಗುತ್ತದೆ, ಆದರೆ ಅಷ್ಟು ಕಿರಿದಾದ ಕಿಂಡಿಯಲ್ಲಿ ಬೆಳಕು ಚದುರಿ ಇಡೀ ಚಿತ್ರ ಮೆತ್ತಗಾಗುತ್ತದೆ. ಆದ್ದರಿಂದ ಮ್ಯಾಕ್ರೋಗೆ ಇಟ್ಟ ಹಣದಲ್ಲಿ ಒಂದು ಪಾಲು ಫ್ಲಾಶಿಗೆ, ಅದರ ಬೆಳಕನ್ನು ಮೃದುಗೊಳಿಸುವ ಡಿಫ್ಯೂಸರಿಗೆ ಹೋಗಬೇಕು. ಡಿಫ್ಯೂಸರನ್ನು ಕೊಳ್ಳಲೂಬೇಕಿಲ್ಲ, ಬಟರ್ ಪೇಪರಿನಲ್ಲಿ ಮಾಡಿಕೊಂಡರೆ ಸಾಕು. ಗಾಜು ಕೀಟಕ್ಕೆ ತಾಗುವಷ್ಟು ಹತ್ತಿರವಿದ್ದರೆ ಫ್ಲಾಶಿನ ಬೆಳಕು ತಲುಪಲೂ ಜಾಗವಿರುವುದಿಲ್ಲ. ಫೋನಿನ ಮ್ಯಾಕ್ರೋ ಎಡವುವುದೂ ಇಲ್ಲಿಯೇ. 2021ರ ಐಫೋನ್ 13 ಪ್ರೊ ಎರಡು ಸೆಂ.ಮೀ. ಹತ್ತಿರದಿಂದ ಫೋಕಸ್ ಮಾಡುತ್ತದೆ. ಅದಕ್ಕೆ ಬಳಸುವುದು ತನ್ನ ಅಲ್ಟ್ರಾ ವೈಡ್ ಲೆನ್ಸನ್ನು. ಅಲುಗಾಡದ ಹೂವಿನ ಮೇಲೆ ಫಲಿತಾಂಶ ಬೆರಗಾಗುವಷ್ಟು ಚೆನ್ನಾಗಿರುತ್ತದೆ. ಆದರೆ ಎರಡು ಸೆಂ.ಮೀ.ನಲ್ಲಿ ಫೋನಿನ ನೆರಳೇ ವಸ್ತುವಿನ ಮೇಲೆ ಬೀಳುತ್ತದೆ, ಕಾಲಿದ್ದ ಕೀಟ ಅಲ್ಲಿ ನಿಲ್ಲುವುದಿಲ್ಲ.

ಮ್ಯಾಕ್ರೋ ಲೆನ್ಸ್ ಕೊಳ್ಳುವ ಮುನ್ನ ಎರಡು ಅಗ್ಗದ ದಾರಿಗಳಿವೆ. ಅವುಗಳನ್ನೂ ದೂರದ ಕಣ್ಣಿನಿಂದಲೇ ನೋಡಬೇಕು. ಎಕ್ಸ್‌ಟೆನ್ಷನ್ ಟ್ಯೂಬ್ ಎಂದರೆ ಲೆನ್ಸಿಗೂ ಕ್ಯಾಮೆರಾಕ್ಕೂ ನಡುವೆ ಹಾಕುವ, ಗಾಜಿಲ್ಲದ ಟೊಳ್ಳು ಬಳೆ. ಬಳೆಯ ಉದ್ದವನ್ನು ಫೋಕಲ್ ಲೆಂತ್‌ನಿಂದ ಭಾಗಿಸಿದರೆ ಸಿಗುವ ಪ್ರಮಾಣ ಗೊತ್ತಾಗುತ್ತದೆ: 50 ಎಂಎಂ ಲೆನ್ಸಿಗೆ 36 ಮಿ.ಮೀ. ಟ್ಯೂಬ್ ಹಾಕಿದರೆ 0.72 ಪಟ್ಟು. ವಸ್ತು ಮಾತ್ರ ಗಾಜಿನಿಂದ ಹತ್ತು ಸೆಂ.ಮೀ. ಆಸುಪಾಸಿಗೆ ಬಂದಿರಬೇಕು. ಎರಡನೆಯದು ಟೆಲಿ ಜೂಮಿನ ಮುಂದೆ ತಿರುಪಿ ಹಾಕುವ ಕ್ಲೋಸಪ್ ಲೆನ್ಸ್. 4 ಡಯಾಪ್ಟರಿನದನ್ನು 55-250 ಎಂಎಂ ಜೂಮಿಗೆ ಹಾಕಿ, ಫೋಕಸನ್ನು ಅನಂತಕ್ಕೆ ತಿರುಗಿಸಿ 250ಕ್ಕೆ ಎಳೆದರೆ 1:1 ಸಿಗುತ್ತದೆ, 25 ಸೆಂ.ಮೀ. ದೂರದಿಂದ. 100 ಎಂಎಂ ಮ್ಯಾಕ್ರೋ ಕೊಡುವುದಕ್ಕಿಂತ ಹೆಚ್ಚು ಜಾಗ! ಒಂದೇ ಗಾಜಿನ ಅಗ್ಗದ ಸೆಟ್ ಬೇಡ, ಎರಡು ಗಾಜು ಅಂಟಿಸಿ ಮಾಡಿದ್ದು ತಗೊಳ್ಳಬೇಕು. ಆದರೂ ಚೌಕಟ್ಟಿನ ಮೂಲೆಗಳು ಮ್ಯಾಕ್ರೋ ಲೆನ್ಸಿನಷ್ಟು ಮೊನಚಾಗುವುದಿಲ್ಲ. ಅದಕ್ಕೆ ಇತಿಹಾಸವೇ ಕಾರಣ ಕೊಡುತ್ತದೆ: 1956ರಲ್ಲಿ ಬಂದ ನಿಕಾನಿನ ಮೊದಲ ಮೈಕ್ರೋ ನಿಕ್ಕೋರ್ ಹುಟ್ಟಿದ್ದು ಒತ್ತೊತ್ತು ಗೆರೆಗಳ ಕಾಂಜಿ ಅಕ್ಷರಗಳನ್ನು ಮೈಕ್ರೋಫಿಲ್ಮಿಗೆ ಇಳಿಸುವ ಅಗತ್ಯದಿಂದ. ಚಪ್ಪಟೆ ಹಾಳೆಯ ಮೂಲೆಯಲ್ಲೂ ಅಕ್ಷರ ಓದುವಂತಿರಬೇಕು ಎಂಬ ಆ ಹಟ ಈ ಜಾತಿಯ ಲೆನ್ಸುಗಳಲ್ಲಿ ಈಗಲೂ ಇದೆ. ತಾಳೆಗರಿ, ಅಜ್ಜನ ಕಾಲದ ಫೋಟೊ, ಹಳೆಯ ಪತ್ರಗಳನ್ನು ನಕಲು ಮಾಡುವವರು ಟ್ಯೂಬು ಗೀಬು ಎನ್ನದೆ ನೇರವಾಗಿ 60 ಎಂಎಂ ಮ್ಯಾಕ್ರೋ ಕೊಳ್ಳುವುದು ಲೇಸು.

ದಿನಬಳಕೆಯ ಲೆನ್ಸಿಗೆ ಬಂದರೆ ಎಲ್ಲರೂ ಬೆರಳು ತೋರಿಸುವುದು 50 ಎಂಎಂ ಎಫ್ 1.8ರ ಕಡೆಗೆ. ಅಗ್ಗ, ಹಗುರ, ಬೆಳಕು ಕುಡಿಯುವುದರಲ್ಲಿ ಗಟ್ಟಿಗ. ಕಿಟ್ ಲೆನ್ಸ್ 55 ಎಂಎಂನಲ್ಲಿ ಎಫ್ 5.6ಕ್ಕೆ ನಿಲ್ಲುತ್ತದೆ, ಎಫ್ 1.8ರಲ್ಲಿ ಒಳಬರುವ ಬೆಳಕು ಅದರ ಒಂಬತ್ತು ಪಟ್ಟಿಗೂ ಹೆಚ್ಚು. ಯಕ್ಷಗಾನದ ರಂಗದಲ್ಲಿ ಸೆಕೆಂಡಿನ 20ನೇ ಒಂದು ಭಾಗದಲ್ಲಿ ಕಲಸಿಹೋಗುತ್ತಿದ್ದ ಕುಣಿತ 200ನೇ ಒಂದು ಭಾಗದಲ್ಲಿ ನಿಲ್ಲುತ್ತದೆ. ಈ ಗುಣಗಾನದಲ್ಲಿ ಒಂದು ಮಾತು ಮರೆತುಹೋಗಿದೆ. 1925ರಲ್ಲಿ ಲೈಕಾ ಮಾರುಕಟ್ಟೆಗೆ ಬಂದಾಗ ಅದರ ಜೊತೆ ಬಂದದ್ದು 50 ಎಂಎಂ ಲೆನ್ಸ್. ಛಾಯಾಗ್ರಾಹಕ ಹೆನ್ರಿ ಕಾರ್ಟಿಯೆ ಬ್ರೆಸ್ಸಾನ್ ತಮ್ಮ ಬಹುಪಾಲು ಕೆಲಸವನ್ನು ಅದರಲ್ಲೇ ಮಾಡಿದರು. ಅವರ ಫಿಲ್ಮಿನ ಚೌಕಟ್ಟು 36 ಮಿ.ಮೀ. ಅಗಲದ್ದು. ಇಲ್ಲಿ ಹೊಸಬರ ಕೈಯಲ್ಲಿರುವ ಬಹಳಷ್ಟು ಕ್ಯಾಮೆರಾಗಳದು ಎಪಿಎಸ್‌ಸಿ ಸೆನ್ಸರ್, ಅಗಲ ಸುಮಾರು 23.5 ಮಿ.ಮೀ. ಅಲ್ಲಿ 50 ಎಂಎಂ ಕೊಡುವ ನೋಟ ಫುಲ್ ಫ್ರೇಮಿನ 75 ಎಂಎಂನದು. ಹತ್ತು-ಹನ್ನೆರಡು ಅಡಿಯ ನಡುಮನೆಯಲ್ಲಿ ಗೋಡೆಗೆ ಬೆನ್ನು ಕೊಟ್ಟು ನಿಂತರೂ ಎದುರಿನವರಿಗೂ ನಿಮಗೂ ನಡುವೆ ಸಿಗುವುದು ಹೆಚ್ಚೆಂದರೆ 3 ಮೀಟರ್. ಆ ದೂರದಿಂದ, ಕ್ಯಾಮೆರಾ ಉದ್ದಕ್ಕೆ ತಿರುಗಿಸಿ ಹಿಡಿದರೂ, ಈ ಲೆನ್ಸ್ ಹಿಡಿಯುವುದು 1.41 ಮೀಟರ್ ಎತ್ತರವನ್ನು. ಐದೂವರೆ ಅಡಿಯ ಮನುಷ್ಯ ತಲೆಯಿಂದ ಕಾಲಿನವರೆಗೆ ಚೌಕಟ್ಟಿನಲ್ಲಿ ಹಿಡಿಸುವುದೇ ಇಲ್ಲ. 35 ಎಂಎಂ ಹಾಕಿದರೆ ಎರಡು ಮೀಟರ್ ಸಿಗುತ್ತದೆ. ಮಗುವಿನ ಹುಟ್ಟುಹಬ್ಬ, ಅಡುಗೆಮನೆ, ಜಗುಲಿಯ ಹರಟೆ, ಇವೆಲ್ಲ ಮಾತಾಡುವಷ್ಟು ದೂರದಲ್ಲಿ ನಡೆಯುವ ಸಂಗತಿಗಳು. ಎಪಿಎಸ್‌ಸಿ ಕ್ಯಾಮೆರಾಕ್ಕೆ ದಿನಬಳಕೆಯ ಲೆನ್ಸ್ 35, ಇಲ್ಲವೇ 28ರ ಆಸುಪಾಸು; ಫಿಫ್ಟಿ ಅಲ್ಲಿ ಒಳ್ಳೆಯ ಪೋರ್ಟ್ರೇಟ್ ಲೆನ್ಸ್.

ಇಷ್ಟೆಲ್ಲ ತಲೆಬಿಸಿ ಯಾಕೆ, 18-300ರಂಥ ಒಂದು ಜೂಮ್ ಹಾಕಿಕೊಂಡರೆ ಎಲ್ಲ ದೂರವೂ ಅದರೊಳಗೇ ಇರುವುದಿಲ್ಲವೇ ಎಂದು ಕೇಳಬಹುದು. ಕೋನಗಳು ಇರುತ್ತವೆ, ದೂರ ಇರುವುದಿಲ್ಲ. ಜೂಮ್ ಇದ್ದವರು ನಿಂತಲ್ಲೇ ನಿಂತು ಬಳೆ ತಿರುಗಿಸುತ್ತಾರೆ. ಚೌಕಟ್ಟು ಬದಲಾಗುತ್ತದೆ, ವಸ್ತುಗಳ ನಡುವಿನ ಸಂಬಂಧ ಬದಲಾಗುವುದಿಲ್ಲ. ಆದರೆ ದೂರವನ್ನು ಬೇರೆಯವರು ನಿಗದಿ ಮಾಡಿರುವ ಕಡೆ ಜೂಮಿಗೆ ಸಾಟಿಯಿಲ್ಲ. ಕಬಿನಿಯ ಸಫಾರಿ ಜೀಪಿನಿಂದ ಇಳಿಯುವಂತಿಲ್ಲ, ಜಂಬೂಸವಾರಿಯ ದಿನ ಬ್ಯಾರಿಕೇಡ್ ದಾಟುವಂತಿಲ್ಲ. ಅಲ್ಲಿ 100-400, 150-600ರಂಥವುಗಳಿಗೆ ಹಣ ಹಾಕಿದ್ದು ಸಾರ್ಥಕ. ಮೆಗಾಪಿಕ್ಸೆಲ್ ಧಾರಾಳವಾಗಿರುವಾಗ ಕ್ರಾಪ್ ಮಾಡಿದರಾಯಿತು ಎಂಬ ವಾದಕ್ಕೂ ಅರ್ಧ ಅಂಕ ಕೊಡಬೇಕು. 24 ಮೆಗಾಪಿಕ್ಸೆಲ್ ಚಿತ್ರದಲ್ಲಿ 50 ಎಂಎಂ ನೋಟವನ್ನು 100ರ ನೋಟಕ್ಕೆ ಕತ್ತರಿಸಿದರೆ ಉಳಿಯುವುದು ಆರು ಮೆಗಾಪಿಕ್ಸೆಲ್, ಹತ್ತು ಇಂಚು ಅಗಲದ ಒಳ್ಳೆಯ ಪ್ರಿಂಟಿಗೆ ಸಾಕು. ದೂರ ಸರಿಯಿದ್ದರೆ ಕೋನವನ್ನು ಆಮೇಲೂ ಸರಿಪಡಿಸಿಕೊಳ್ಳಬಹುದು ಎಂಬುದಕ್ಕೆ ಇದು ಪುರಾವೆ. ತಪ್ಪು ದೂರದಿಂದ ತೆಗೆದದ್ದನ್ನು ಕತ್ತರಿ ಸರಿಮಾಡಲಾರದು. ಇನ್ನು ಗಾಜಿನ ಗುಣಮಟ್ಟ. ಎಫ್ 8ಕ್ಕೆ ಇಳಿಸಿದಮೇಲೆ ಇಂದಿನ ಸಾಧಾರಣ ಲೆನ್ಸಿಗೂ ದುಬಾರಿ ಲೆನ್ಸಿಗೂ ಇರುವ ಅಂತರ ಬಹುಮಟ್ಟಿಗೆ ಮೂಲೆಗಳಲ್ಲಿ. ರಾತ್ರಿ, ಕ್ರೀಡೆ, ಮಳೆಯಲ್ಲಿ ದುಡಿದು ಹೊಟ್ಟೆ ಹೊರೆಯುವವರಿಗೆ ಆ ಅಂತರ ಬೆಲೆ ಬಾಳುತ್ತದೆ, ಉಳಿದವರಿಗೆ ಬಹಳ ಕಡಿಮೆ.

ಕೊಳ್ಳುವ ಮುನ್ನ ಒಂದು ಸಂಜೆ ಕೂತು ಕಿಟ್ ಲೆನ್ಸಿನಲ್ಲಿ ಈವರೆಗೆ ತೆಗೆದ ಚಿತ್ರಗಳ ಮಾಹಿತಿ ತೆರೆದು ನೋಡುವುದು ಒಳ್ಳೆಯದು. ಪ್ರತಿ ಚಿತ್ರವನ್ನೂ ಎಷ್ಟು ಎಂಎಂನಲ್ಲಿ ತೆಗೆದದ್ದೆಂದು ಕ್ಯಾಮೆರಾ ಬರೆದಿಟ್ಟಿರುತ್ತದೆ. 18ರಲ್ಲಿ ರಾಶಿ ಬಿದ್ದಿದ್ದರೆ ಕೂಡಲೇ ಅಲ್ಟ್ರಾ ವೈಡ್ ಆರ್ಡರ್ ಮಾಡಬಾರದು. ಅವು ಕೋಣೆಯೊಳಗಿನ ಚಿತ್ರಗಳಾದರೆ ವೈಡ್ ಬೇಕು. ಬಯಲಿನಲ್ಲಿ ತೆಗೆದು ಅರ್ಧ ಜಾಗ ಖಾಲಿ ಬಿದ್ದಿದ್ದರೆ ಬೇಕಾಗಿರುವುದು ಮುಂದಕ್ಕೆ ನಾಲ್ಕು ಹೆಜ್ಜೆ. 55ರಲ್ಲಿ ರಾಶಿ ಇದ್ದರೂ ಅದೇ ವಿಚಾರಣೆ: ಹತ್ತಿರ ಹೋಗಲಾಗಲಿಲ್ಲವೋ, ಹೋಗಲು ಸಂಕೋಚವೋ? ಹೋಗಲಾಗದ್ದಕ್ಕೆ ಟೆಲಿ ಇದೆ. ಸಂಕೋಚಕ್ಕೆ ಯಾವ ಕಂಪನಿಯೂ ಲೆನ್ಸ್ ಮಾಡಿಲ್ಲ. ಲೆಕ್ಕ ಖಚಿತವಾದ ಮೇಲೆ ಸೆಕೆಂಡ್ ಹ್ಯಾಂಡ್ ಮಾರುಕಟ್ಟೆ ನೋಡಬಹುದು, ಒಂದು ಟಾರ್ಚ್ ಹಿಡಿದುಕೊಂಡು. ಕರಾವಳಿ ಮತ್ತು ಮಲೆನಾಡಿನ ತೇವದಲ್ಲಿ ಲೆನ್ಸಿನ ಒಳಗಾಜಿಗೆ ಫಂಗಸ್ ಹಿಡಿಯುವುದು ಸಾಮಾನ್ಯ. ಹಿಂದಿನಿಂದ ಬೆಳಕು ಹಾಯಿಸಿ ಅಪರ್ಚರ್ ಪೂರ್ತಿ ತೆರೆದು ನೋಡಿದರೆ ಜೇಡರ ಬಲೆಯಂಥ ಎಳೆಗಳು ಕಾಣುತ್ತವೆ. ಕಂಡರೆ ಎಷ್ಟೇ ಅಗ್ಗವಾದರೂ ಬೇಡ. ಕೊಂಡದ್ದನ್ನು ಮಳೆಗಾಲದಲ್ಲಿ ಚರ್ಮದ ಚೀಲದೊಳಗೆ ಮುಚ್ಚಿಡದೆ, ಸಿಲಿಕಾ ಜೆಲ್ ಹಾಕಿದ ಗಾಳಿಯಾಡದ ಡಬ್ಬಿಯಲ್ಲಿ, ಆರ್ದ್ರತೆ ಶೇ 40ರಿಂದ 50ರ ನಡುವೆ ಇರುವಂತೆ ನೋಡಿಕೊಳ್ಳಬೇಕು. ಅಕ್ಕಿ ಡಬ್ಬಿಯೇ ಸಾಕಾಗುತ್ತದೆ, ಮುಚ್ಚಳ ಬಿಗಿಯಾಗಿದ್ದರೆ. ಅಕ್ಕಿ ಮಾತ್ರ ಅದರಲ್ಲಿರಬಾರದು, ಧೂಳು.